ಒಂದು ಲೋಟ ನೀರು ಕೇಳುತ್ತಿದ್ದವರು

ಮನೆಗೆಲಸಕ್ಕೆಂದು ದೂರದ ಸೀಮೆಗಳಿಂದ ಬಂದ ಹೆಣ್ಣುಮಕ್ಕಳ ರಕ್ಷಣೆ ಎಂಬ ಮಾತು ಸರ್ಕಾರದ ಆದೇಶಗಳಲ್ಲಿ ಕಾಣಿಸಿಕೊಳ್ಳುವುದಕ್ಕೆ ಬಹಳ ಮೊದಲೇ ಅದನ್ನು ತಮ್ಮ ಪಾಲಿನ ಕೆಲಸವೆಂದು ತಿಳಿದು, ಮೆಟ್ಟಿಲು ಹತ್ತಿ ಇಳಿದು, ಮುಚ್ಚಿದ ಬಾಗಿಲುಗಳ ಮುಂದೆ ತಾಳ್ಮೆಯಿಂದ ನಿಂತವರು ನಮ್ಮಲ್ಲಿ ಕೆಲವೇ ಮಂದಿ. ಈ ತಿಂಗಳು ಸೇವೆಯಿಂದ ನಿವೃತ್ತರಾದ ನಮ್ಮ ರಕ್ಷಣಾಧಿಕಾರಿಗಳು ಆ ಕೆಲವರಲ್ಲಿ ಮೊದಲಿಗರು. ಕಚೇರಿಯ ನಾವೆಲ್ಲ ಅವರನ್ನು ಮೇಡಂ ಎಂದೇ ಕರೆದದ್ದು. ಬಿಡಿಸಿ ತಂದವರು ಉಳಿಯುವ ಆಸರೆ ಮನೆಯ ಹೆಂಗಸರು ಇಟ್ಟ ಹೆಸರು ಮಾತ್ರ ನೀರು ಮೇಡಂ. ಆ ಹೆಸರು ಹೇಗೆ ಬಂತು, ಅದು ಅವರಿಗೆ ಎಷ್ಟು ಹಿತವಾಗಿತ್ತು, ಕೊನೆಗೆ ಹೇಗೆ ಎದೆಯ ಮೇಲಿನ ಕಲ್ಲಾಯಿತು ಎಂಬುದನ್ನು ಬರೆಯದೆ ಅವರ ಸೇವೆಯನ್ನು ಬರೆದಂತಾಗದು. ಅವರೇ ಹಾಗೆ ಹೇಳಿದ್ದಾರೆ. “ಬರೆಯೋದಾದ್ರೆ ಅದನ್ನೂ ಬರೀರಿ, ಇಲ್ಲಾಂದ್ರೆ ನನ್ನ ಮೇಲೆ ಏನೂ ಬರೀಬೇಡಿ” ಎಂದಾಗ ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಆದ್ದರಿಂದಲೇ ಅದನ್ನು ಮೀರುವ ಹಾಗಿಲ್ಲ.

ಮೇಡಂ ಇಲಾಖೆಗೆ ಸೇರಿದ ಹೊಸದರಲ್ಲಿ ಅವರಿಗೆ ವಹಿಸಿದ್ದು ಅಂಗಡಿ, ಹೋಟೆಲು, ಸಣ್ಣ ಕಾರ್ಖಾನೆಗಳ ತಪಾಸಣೆ. ಅಲ್ಲಿ ಬೆಳಕಿದೆಯೇ, ಕಕ್ಕಸಿದೆಯೇ, ವಾರದ ರಜೆ ಇದೆಯೇ ಎಂದು ನೋಡುವುದು. ಒಂದು ದಿನ ಒಬ್ಬ ಮುದುಕರು ಕಚೇರಿಗೆ ಬಂದು, ತಮ್ಮ ಮೇಲಿನ ಮನೆಯಲ್ಲಿ ಕೆಲಸದ ಹುಡುಗಿಯ ಅಳು ಕೇಳಿಸುತ್ತದೆ, ಅವಳು ಹೊರಗೆ ಬಂದದ್ದನ್ನು ಮಾತ್ರ ಯಾರೂ ಕಂಡಿಲ್ಲ ಎಂದರು. ಆಗಿನ ಮೇಲಧಿಕಾರಿಗಳು ಕೇಳಿಸಿಕೊಂಡು, “ಮನೆ ಅನ್ನೋದು ಮನೆ, ಕಾರ್ಖಾನೆ ಅಲ್ಲವಲ್ಲ. ಒಳಗೆ ಕಾಲಿಡೋಕೆ ನಮಗೆ ಅಧಿಕಾರ ಇಲ್ಲ” ಎಂದು ಕೈಚೆಲ್ಲಿದರು. ಅವರು ಹೇಳಿದ್ದು ಸುಳ್ಳಲ್ಲ. ಆಗ ಕಾನೂನು ಇದ್ದದ್ದೇ ಹಾಗೆ.

“ಬಾಗಿಲು ತಟ್ಟೋಕೂ ಅಧಿಕಾರ ಬೇಕಾ ಸರ್?” ಎಂದು ಮೇಡಂ ಕೇಳಿದರು.

“ತಟ್ಟಿ. ತೆಗೆಯದಿದ್ರೆ ವಾಪಸ್ ಬನ್ನಿ.”

ಬಾಗಿಲು ತೆರೆಯಿತು. ಮನೆಯಾಕೆ ಬಾಗಿಲಿಗೆ ಅಡ್ಡ ನಿಂತು, ನಮ್ಮಲ್ಲಿ ಏನೂ ತೊಂದರೆಯಿಲ್ಲ, ಹುಡುಗಿಯನ್ನು ಮನೆ ಮಗಳ ಹಾಗೆ ನೋಡಿಕೊಂಡಿದ್ದೇವೆ ಎಂದು ನಗುನಗುತ್ತಲೇ ಹೇಳಿದರು. ಇನ್ನೇನು ಮಾಡಬೇಕೆಂದು ತೋಚದೆ, ನಿಜವಾಗಿಯೂ ಗಂಟಲೊಣಗಿದ್ದರಿಂದ, ಮೇಡಂ ಒಂದು ಲೋಟ ನೀರು ಕೇಳಿದರು. ಮುಂದೆ ಅವರ ಸೇವೆಯ ದಾರಿಯನ್ನೇ ತಿರುಗಿಸಿದ್ದು ಆ ಮಾತು, ಆದರೆ ಆ ಗಳಿಗೆಯಲ್ಲಿ ಅದರಲ್ಲಿ ಯಾವ ಉಪಾಯವೂ ಇರಲಿಲ್ಲ. ನೀರು ಕೇಳಿದವರನ್ನು ಹೊಸ್ತಿಲಲ್ಲೇ ನಿಲ್ಲಿಸುವುದು ಯಾರಿಗೂ ಆಗದು. ಮನೆಯಾಕೆ ಒಳಗೆ ಕರೆದು ಕೂರಿಸಿ, ಅಡುಗೆ ಮನೆಯ ಕಡೆ ಮುಖ ಮಾಡಿ ಕೂಗಿದರು. ನೀರು ತಂದದ್ದು ಆ ಹುಡುಗಿ.

ಕುಡಿದ ಲೋಟವನ್ನು ಮೇಡಂ ಅವಳ ಕೈಗೆ ಕೊಡಲಿಲ್ಲ. “ನಾನೇ ಇಟ್ಟು ಬರ್ತೀನಮ್ಮ, ಎಂಜಲು ಲೋಟ” ಎನ್ನುತ್ತ ಅವಳ ಹಿಂದೆಯೇ ನಡೆದರು. ಅಡುಗೆ ಮನೆಯಲ್ಲಿ ಇಬ್ಬರೇ ಇದ್ದದ್ದು ಒಂದು ಲೋಟ ತೊಳೆಯುವಷ್ಟು ಹೊತ್ತು. ಹೊಡೆಯುತ್ತಾರೆಯೇ ಎಂದು ಅವರು ಕೇಳಲಿಲ್ಲ.

“ನೀನು ಮಲಗೋ ಜಾಗ ಯಾವುದು ಮಗು?”

ಹುಡುಗಿ ಬಟ್ಟೆ ಒಗೆಯುವ ಮಿಷಿನ್ನಿಗೂ ಗೋಡೆಗೂ ನಡುವಿನ ಸಂದನ್ನು ತೋರಿಸಿದಳು. “ಮಿಷಿನ್ ನಿಂತ ಮೇಲೆ ಮಲಗ್ತೀನಿ. ಅಲ್ಲೀವರೆಗೂ ಗೋಡೆ ಅಲ್ಲಾಡ್ತಾ ಇರುತ್ತೆ.”

ಅವಳನ್ನು ಆ ಮನೆಯಿಂದ ಕರೆತರುವುದಕ್ಕೆ ಆಮೇಲೆ ಪೊಲೀಸರು ಬೇಕಾದರು, ನ್ಯಾಯಾಲಯ ಬೇಕಾಯಿತು, ಯಜಮಾನರ ಕಪಾಟಿನಲ್ಲಿದ್ದ ಅವಳ ಪಾಸ್‌ಪೋರ್ಟನ್ನು ಬಿಡಿಸಿಕೊಳ್ಳಲು ಮೇಲಧಿಕಾರಿಗಳೇ ಫೋನು ಹಿಡಿಯಬೇಕಾಯಿತು. ಆದರೆ ಬಾಗಿಲು ತೆರೆದದ್ದು ನೀರು. ಅಂದಿನಿಂದ ಮೇಡಂ ಹೋದ ಮನೆಯಲ್ಲೆಲ್ಲ ನೀರು ಕೇಳಿದರು. ಹೊಡೆತ ಬಡಿತದ ಪ್ರಶ್ನೆಗೆ ಎಲ್ಲ ಹುಡುಗಿಯರೂ ಇಲ್ಲವೆಂದೇ ತಲೆಯಾಡಿಸುತ್ತಾರೆಂದೂ, ಮಲಗುವ ಜಾಗದ ಪ್ರಶ್ನೆಗೆ ಸುಳ್ಳು ಹೇಳುವುದನ್ನು ಯಾರೂ ಅವರಿಗೆ ಕಲಿಸಿರುವುದಿಲ್ಲವೆಂದೂ ಅವರಿಗೆ ಅನುಭವದಿಂದ ತಿಳಿಯಿತು. ಉತ್ತರಕ್ಕೆ ಮೊದಲು ಹುಡುಗಿ ಬಾಗಿಲ ಕಡೆ ನೋಡಿದರೆ ಆ ಮನೆಗೆ ಅವರು ಇನ್ನೊಮ್ಮೆ ಹೋಗುವುದು ಖಂಡಿತ. “ಮನೆ ಮಗಳ ಥರಾ ಅಂದ ಕಡೆ ನಾನು ಎರಡು ಸಲ ನೋಡ್ತೀನಿ” ಎಂದು ಅವರು ಹಿಂತಿರುಗುವಾಗ ವಾಹನದಲ್ಲಿ ಹೇಳುತ್ತಿದ್ದರು. “ಮಗಳಿರೋರು ಹಂಗನ್ನಲ್ಲ. ಎಲ್ಲಿ ಹಾಳಾಗಿ ಹೋದ್ಲೋ ಅಂತ ಬೈತಾರೆ.”

ಈ ಕೆಲಸದಲ್ಲಿ ನಗುವುದಕ್ಕೆ ಸಿಗುವುದು ಕಡಿಮೆ. ಸಿಕ್ಕಿದ್ದನ್ನು ಯಾರೂ ಬಿಡುತ್ತಿರಲಿಲ್ಲ. ಒಂದೇ ಮಧ್ಯಾಹ್ನದಲ್ಲಿ ಹತ್ತಾರು ಮನೆಯ ನೀರು ಕುಡಿದ ಮೇಲೆ ಮನುಷ್ಯರಿಗೆ ಏನು ಬೇಕಾಗುತ್ತದೋ ಅದು ಮೇಡಂ ಅವರಿಗೂ ಬೇಕಾಗುತ್ತಿತ್ತು, ಮತ್ತು ನಗರದಲ್ಲಿ ಹೆಂಗಸರು ಹೋಗಬಹುದಾದ ಶೌಚಾಲಯಗಳು ಎಲ್ಲೆಲ್ಲಿವೆ ಎಂಬುದು ಇಲಾಖೆಯ ಡ್ರೈವರಿಗೆ ಬಾಯಿಪಾಠವಾಗಿತ್ತು. ಗುಮಾಸ್ತರು ಬೆಳಿಗ್ಗೆ ಗಂಭೀರವಾಗಿ, “ಮೇಡಂ, ಇವತ್ತು ಎಷ್ಟು ಬಿಂದಿಗೆ?” ಎಂದು ವಿಚಾರಿಸುವರು. ಮನೆಯಲ್ಲಿ ಅವರ ತಾಯಿಯದು ಇನ್ನೊಂದು ದೂರು. “ಊರವರ ಮನೇಲೆಲ್ಲ ಕೇಳಿ ಕುಡೀತಾಳೆ. ನಾನು ಕೊಟ್ರೆ ಮಾತ್ರ ಬೇಡ ಅಂತಾಳೆ.”

ಆಸರೆ ಮನೆ ಆರಂಭವಾದ ಮೇಲೆ ಅವರು ಮಾಡಿದ ಮೊದಲ ಜಗಳ ನಿದ್ದೆಗಾಗಿ. ಬಿಡಿಸಿ ತಂದ ಹೆಂಗಸಿನ ಹೇಳಿಕೆಯನ್ನು ತಡಮಾಡದೆ ಬರೆದುಕೊಳ್ಳಬೇಕೆಂಬುದು ಪೊಲೀಸರ ಪದ್ಧತಿ. ಅವಳು ಮೊದಲು ಮಲಗಿ ಏಳಲಿ ಎಂಬುದು ಮೇಡಂ ಅವರ ಹಟ. ಒಮ್ಮೆ ಒಬ್ಬ ಇನ್ಸ್‌ಪೆಕ್ಟರು, ಹೇಳಿಕೆ ತೆಗೆದುಕೊಳ್ಳದೆ ಕದಲುವುದಿಲ್ಲವೆಂದು ಪಡಸಾಲೆಯ ಬೆಂಚಿನ ಮೇಲೆ ಬಲವಾಗಿ ಕುಳಿತರು.

“ಕೂತ್ಕೊಳ್ಳಿ ಸರ್. ನಿದ್ದೆಗೆಟ್ಟೋರ ಬಾಯಲ್ಲಿ ಬರೋದು ಪ್ರಶ್ನೆ ಕೇಳಿದೋರ ಮಾತು. ಅವಳ ಮಾತು ಬೇಕು ಅಂದ್ರೆ ಅವಳು ಎದ್ದೇಳಬೇಕು.”

ಆ ಹೆಂಗಸು ಎದ್ದು ಮುಖ ತೊಳೆದು ಬಂದಾಗ ಇನ್ಸ್‌ಪೆಕ್ಟರು ಬೆಂಚಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದರು. ಅವರನ್ನು ಎಬ್ಬಿಸಬೇಡಿರೆಂದು ಮೇಡಂ ಸನ್ನೆ ಮಾಡಿದರು. ಅವಳ ಹೇಳಿಕೆ ಕೊನೆಗೆ ನ್ಯಾಯಾಲಯದಲ್ಲಿ ಗಟ್ಟಿಯಾಗಿ ನಿಂತಿತು; ಆ ಇನ್ಸ್‌ಪೆಕ್ಟರೂ ಆಮೇಲೆ ಮೇಡಂ ಅವರ ಪಕ್ಷವಾದರು. ಯಾರು ಒಳಗೆ ಬಂದರೂ ದಡಕ್ಕನೆ ಎದ್ದು ನಿಲ್ಲುತ್ತಿದ್ದ ಇನ್ನೊಬ್ಬಳಿಗಾಗಿ ಮೇಡಂ ಎಷ್ಟೋ ದಿನ ಕುರ್ಚಿ ಬಿಟ್ಟು ನೆಲದ ಮೇಲೆ ಕುಳಿತು ಕಡತ ನೋಡಿದ್ದುಂಟು. ಅವಳು ಒಂದು ದಿನ ಏಳದೆ ಕುಳಿತೇ, “ಬಂದ್ರಾ ಮೇಡಂ” ಎಂದಳು. ಅಂದು ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಸ್ವಲ್ಪ ಹೊತ್ತು ಇದ್ದರು. ಹೊರಗೆ ಬಂದಾಗ ಕನ್ನಡಕ ಕೈಯಲ್ಲಿತ್ತು.

ಕಾಲ ಬದಲಾಯಿತು, ಒಳ್ಳೆಯದಕ್ಕೇ ಬದಲಾಯಿತು ಎನ್ನಬೇಕು. ಮಾನವ ಕಳ್ಳಸಾಗಣೆಯನ್ನು ತಡೆಯುವ ಕಾನೂನು ಬಿಗಿಯಾಯಿತು. ಮನೆಗೆಲಸವೂ ಕೆಲಸವೇ ಎಂದು ಸರ್ಕಾರ ಒಪ್ಪಿತು. ಹೆಣ್ಣುಮಕ್ಕಳನ್ನು ಕರೆತರುವ ಏಜೆಂಟರೆಲ್ಲ ನೋಂದಾಯಿಸಿಕೊಳ್ಳಬೇಕೆಂಬ ನಿಯಮ ಬಂತು, ಸಹಾಯವಾಣಿ ಬಂತು, ಪ್ರತಿ ಜಿಲ್ಲೆಗೂ ರಕ್ಷಣಾಧಿಕಾರಿಗಳು ಬಂದರು. ಹೊಸ ಅಧಿಕಾರಿಗಳು ಉತ್ಸಾಹಿಗಳು, ಆದರೆ ಬಾಗಿಲ ಮುಂದೆ ನಿಂತು ಏನು ಹೇಳಬೇಕೆಂದು ತಿಳಿಯದವರು. ಆಗ ನಿರ್ದೇಶಕರು ಮೇಡಂ ಅವರನ್ನು ಕರೆಸಿ, “ನಿಮ್ಮ ತಲೇಲಿರೋದನ್ನ ಎಲ್ಲರಿಗೂ ಸಿಗೋ ಹಾಗೆ ಬರೆದುಕೊಡಿ. ನೀವೊಬ್ಬರೇ ಎಷ್ಟು ಮನೆ ಹತ್ತಿ ಇಳೀತೀರಿ?” ಎಂದರು. ನ್ಯಾಯವಾದ ಮಾತು. ಅದನ್ನು ಬೇಡವೆನ್ನಲು ಯಾವ ಕಾರಣವೂ ಅಂದು ಯಾರಿಗೂ ಕಾಣಲಿಲ್ಲ.

ಮೇಡಂ ಊಟದ ಮೇಜಿನ ಮುಂದೆ ಕುಳಿತು ಕೈಪಿಡಿ ಬರೆದರು. ಚಿತ್ರಕಲೆಯ ಮೇಷ್ಟ್ರಾದ ಅವರ ಯಜಮಾನರು ಮುಖಪುಟಕ್ಕೆ ಒಂದು ಲೋಟದ ಚಿತ್ರ ಬರೆದುಕೊಟ್ಟರು. ಲೋಟದೊಳಗಿನ ನೀರು ನೀರಿನಂತೆ ಕಾಣಲು ಅವರು ಪಟ್ಟ ಪಾಡನ್ನು ಮನೆಯವರು ಇಂದಿಗೂ ಹೇಳುತ್ತಾರೆ. ನೀರು ಕೇಳುವ ಬಗೆ, ಲೋಟ ಹಿಡಿದು ಹಿಂದೆ ನಡೆಯುವ ಬಗೆ, ಮಲಗುವ ಜಾಗದ ಪ್ರಶ್ನೆ ಎಲ್ಲವೂ ಅದರಲ್ಲಿ ಬಂದವು. ಒಂದೇ ದಿನ ಹಲವು ಮನೆ ನೋಡಬೇಕಾದ ಅಧಿಕಾರಿಗಳಿಗೆ ಅನುಕೂಲವಾಗಲೆಂದು ಇನ್ನೊಂದು ಮಾತನ್ನೂ ಸೇರಿಸಿದರು: ನೀರನ್ನು ಮನೆಯವರೇ ತಂದುಕೊಟ್ಟರೆ ಆ ಮನೆಯಲ್ಲಿ ಒಳಗೇ ಇರುವ ಕೆಲಸದವರು ಇಲ್ಲವೆಂದು ತಿಳಿಯಬಹುದು, ಮುಂದಿನ ಮನೆಗೆ ಹೋಗಬಹುದು. ಅಲ್ಲಿಯವರೆಗಿನ ಅನುಭವದಲ್ಲಿ ಅದು ಸುಳ್ಳಾಗಿರಲಿಲ್ಲ. ಕೈಪಿಡಿ ಸಭೆಯಲ್ಲಿ ಬಿಡುಗಡೆಯಾಯಿತು, ಪತ್ರಿಕೆಗಳಲ್ಲಿ ಬಂತು, ಮೇಡಂ ಅವರಿಗೆ ಪ್ರಶಸ್ತಿ ಬಂತು. ಇಲಾಖೆಯ ಪ್ರಕಟಣೆಗಳನ್ನೆಲ್ಲ ನೋಂದಾಯಿತ ಏಜೆಂಟರಿಗೂ ಕಳಿಸಬೇಕೆಂಬ ನಿಯಮವಿದ್ದುದರಿಂದ ಅವರಿಗೂ ಒಂದೊಂದು ಪ್ರತಿ ಹೋಯಿತು. ಕಟ್ಟು ಕಟ್ಟಿ ವಿಳಾಸ ಅಂಟಿಸಿದವರು ನಾವೇ. ಏನು ಕಳಿಸುತ್ತಿದ್ದೇವೆಂದು ಒಬ್ಬರಿಗೂ ಹೊಳೆಯಲಿಲ್ಲ. ಈ ಅಭಿನಂದನ ಗ್ರಂಥದಲ್ಲಿ ಆ ಕೈಪಿಡಿಯನ್ನು ಹೊಗಳಿದ ಲೇಖನಗಳೂ ಇರಬಹುದು, ಅವು ತಪ್ಪಲ್ಲ. ಅದನ್ನು ಓದಿ ಕೆಲಸ ಕಲಿತ ಅಧಿಕಾರಿಗಳು ಬಹಳ ಹೆಣ್ಣುಮಕ್ಕಳನ್ನು ಬಿಡಿಸಿದ್ದಾರೆ. ಇಲ್ಲಿ ಬರೆಯುತ್ತಿರುವುದು ಬಿಡಿಸಲಾಗದೆ ಹೋದ ಒಬ್ಬಳ ವಿಷಯ.

ಕೈಪಿಡಿ ಬಂದ ಮರುವರ್ಷ ಒಬ್ಬ ಹೆಂಗಸು ಬಟ್ಟೆಗಂಟು ಹಿಡಿದು ಕಚೇರಿಗೆ ಬಂದಳು. ತಂಗಿಯನ್ನು ಏಜೆಂಟ್ ಮನೆಗೆಲಸಕ್ಕೆಂದು ಕರೆತಂದಿದ್ದ. ಮೊದಮೊದಲು ಫೋನು ಬರುತ್ತಿತ್ತು, ಆಮೇಲೆ ನಿಂತಿತು. ಏಜೆಂಟನನ್ನು ಕೇಳಿದರೆ ಅವಳು ಮನೆ ಬದಲಾಯಿಸಿದ್ದಾಳೆ ಎನ್ನುತ್ತಾನೆ. ತಾಯಿ ಇಲ್ಲದ ಮನೆಯಲ್ಲಿ ತಂಗಿಯನ್ನು ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ನಮ್ಮ ಪಾಲಿಗೆ ಅವಳು ಅಂದಿನಿಂದ ಅಕ್ಕ ಎಂದೇ ಆದಳು. ಹುಡುಗಿ ಫೋನಿನಲ್ಲಿ ಏನೇನು ಹೇಳಿದ್ದಳು, ಒಂದನ್ನೂ ಬಿಡದೆ ನೆನಪು ಮಾಡಿಕೋ ಎಂದು ಮೇಡಂ ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು.

“ಕೆಳಗಡೆ ಶಾಲೆ ಇದೆ ಅಂದಿದ್ಲು. ಮಕ್ಕಳು ಮಗ್ಗಿ ಹೇಳೋದು ಕೇಳಿಸುತ್ತೆ, ನಂಗೂ ಬಾಯಿಗೆ ಬಂದುಬಿಟ್ಟಿದೆ ಅಂತ ನಗ್ತಿದ್ಲು. ಲಿಫ್ಟಲ್ಲಿ ಕನ್ನಡಿ ಇದೆ. ನೀರು ಬೆಳಿಗ್ಗೆ ಮಾತ್ರ ಬರುತ್ತೆ, ಎಲ್ಲ ತುಂಬಿಸಿಡೋದೇ ದೊಡ್ಡ ಕೆಲಸ ಅಕ್ಕಾ ಅಂದಿದ್ಲು.”

ಇಷ್ಟು ಹಿಡಿದುಕೊಂಡು ಮೇಡಂ ಶಾಲೆಗಳ ಸುತ್ತಲಿನ ಕಟ್ಟಡಗಳನ್ನು ಒಂದೊಂದಾಗಿ ಹತ್ತಿದರು. ಒಂದು ಕಟ್ಟಡದ ಲಿಫ್ಟಿನಲ್ಲಿ ಕನ್ನಡಿ ಇತ್ತು. ಆಟದ ಬಯಲಿನ ಗದ್ದಲ ಮೇಲಿನವರೆಗೂ ಕೇಳುತ್ತಿತ್ತು. ಅಲ್ಲಿನ ಒಂದು ಮನೆಯ ಒಡತಿ ಬಾಗಿಲು ತೆರೆದು, ಬಹಳ ಆದರದಿಂದ ಒಳಗೆ ಕರೆದರು. ಮೇಡಂ ಹುಡುಗಿಯ ಫೋಟೋ ತೋರಿಸಿದರು. ಇಂಥವಳನ್ನು ಕಂಡಿಲ್ಲವೆಂದರು ಆಕೆ. ಅವಳ ಅಕ್ಕ ಊರಿನಿಂದ ಬಂದು ಕಾಯುತ್ತಿದ್ದಾಳೆ ಎಂದು ಅಕ್ಕನ ಹೆಸರನ್ನೂ ಊರಿನ ಹೆಸರನ್ನೂ ಮೇಡಂ ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು. ಒಳಗೆ ಯಾರಾದರೂ ಇದ್ದರೆ ಕೇಳಿಸಲಿ ಎಂಬುದು ಅವರ ರೂಢಿ. ಒಳಗಿನಿಂದ ಸದ್ದು ಬರಲಿಲ್ಲ. ಆಮೇಲೆ ನೀರು ಕೇಳಿದರು. ಒಡತಿ ತಾವೇ ಎದ್ದು ಹೋಗಿ, ತಟ್ಟೆಯಲ್ಲಿ ಲೋಟವಿಟ್ಟು ತಂದರು. “ಕುಡೀರಿ, ಪಾಪ, ಬಿಸಿಲಲ್ಲಿ ಬಂದಿದೀರಿ. ಕೆಲಸದವರು ಯಾರೂ ಇಲ್ಲ ನಮ್ಮನೇಲಿ. ಎಲ್ಲ ನಾನೇ, ಕೈ ನೋಡಿ ಹೇಗಾಗಿದೆ” ಎಂದು ನಕ್ಕರು. ಮೇಡಂ ನೀರು ಕುಡಿದರು, ಉಪಕಾರ ಹೇಳಿದರು. ಲೋಟ ಇಟ್ಟು ಬರುತ್ತೇನೆಂದಾಗ ಒಡತಿ ಅದನ್ನು ಮೆಲ್ಲಗೆ ಕೈಯಿಂದ ತೆಗೆದುಕೊಂಡರು. ಮೇಡಂ ಮೆಟ್ಟಿಲಿಳಿದು ಮುಂದಿನ ಮನೆಗೆ ಹೋದರು. ತಾವೇ ಬರೆದ ಪುಟದ ಪ್ರಕಾರ ಅವರು ಮಾಡಿದ್ದು ಸರಿಯಾಗಿತ್ತು.

ಕೆಲವು ತಿಂಗಳ ಮೇಲೆ, ಸಹಾಯವಾಣಿಗೆ ಬಂದ ಕರೆಯಿಂದ ಅದೇ ಕಟ್ಟಡದ ಇನ್ನೊಂದು ಮನೆಯ ಕೆಲಸದಾಕೆ ಬಿಡುಗಡೆಯಾಗಿ ಆಸರೆ ಮನೆಗೆ ಬಂದಳು. ಅವಳನ್ನೂ ಕರೆತಂದವನು ಅದೇ ಏಜೆಂಟ್. ಮಲಗಿ ಎದ್ದು, ಎದುರಿಗೆ ಕುಳಿತಿದ್ದ ಮೇಡಂ ಅವರನ್ನು ಬಹಳ ಹೊತ್ತು ನೋಡಿದಳು.

“ಆ ನೀರಿನ ಪುಸ್ತಕದ ಮೇಡಂ ನೀವೇನಾ?”

“ಯಾವ ಪುಸ್ತಕ ತಾಯಿ? ನಿನಗೆ ಯಾರು ಹೇಳಿದ್ರು?”

“ಏಜೆಂಟು ಬಂದು ನಮ್ಮಮ್ಮನೋರಿಗೆ ಓದಿ ಹೇಳಿದ. ಎಲ್ಲ ಮನೆಯವರಿಗೂ ಹೇಳಿದಾನೆ. ಸರ್ಕಾರದ ಹೆಂಗಸು ಬಂದು ನೀರು ಕೇಳುತ್ತೆ, ನೀವೇ ತಂದುಕೊಟ್ಟುಬಿಡಿ, ಆಗ ಬರಕೊಂಡು ಹೊರಟುಹೋಗುತ್ತೆ ಅಂತ. ಬಾಗಿಲು ಬಡಿದ್ರೆ ನಮ್ಮನ್ನ ಬಚ್ಚಲಲ್ಲಿ ಕೂರಿಸ್ತಿದ್ರು.”

ಮೇಡಂ ಫೋಟೋ ತೋರಿಸಿದರು. ಆಕೆ ನೋಡಿದ ಕೂಡಲೇ ಗುರುತು ಹಿಡಿದಳು. ಬಟ್ಟೆ ಒಣಹಾಕುವ ಹಿಂದಿನ ಕಿಟಕಿಗಳಿಂದ ಅವರಿಬ್ಬರೂ ಮಾತಾಡಿಕೊಳ್ಳುತ್ತಿದ್ದರಂತೆ.

“ಅವಳು ಹೇಳಿದ್ಲು. ಒಂದಿನ ಒಬ್ಬರು ಬಂದಿದ್ರು, ನಮ್ಮಕ್ಕನ ಹೆಸರು ಹೇಳಿದ್ರು, ಊರ ಹೆಸರೂ ಹೇಳಿದ್ರು, ಬಚ್ಚಲೊಳಗಿಂದ ಎಲ್ಲ ಕೇಳಿಸ್ತು ಅಂತ. ನೀನು ಯಾಕೆ ಕೂಗಲಿಲ್ಲ ಅಂದೆ. ಕೂಗೋದ್ಯಾಕೆ, ಅಕ್ಕ ಕಳಿಸಿರೋರು ಅವರು, ಮತ್ತೆ ಬಂದೇ ಬರ್ತಾರೆ ಅಂದ್ಲು. ಬಾಗಿಲು ಬಡಿದಾಗೆಲ್ಲ ಆ ದನಿಯೇನೋ ಅಂತ ಕಿವಿಗೊಡ್ತಿದ್ಲು.”

ಮೇಡಂ ಅದೇ ಗಳಿಗೆಯಲ್ಲಿ ಎದ್ದರು. ವಾಹನ ಹತ್ತಿ ನೇರವಾಗಿ ಆ ಕಟ್ಟಡಕ್ಕೆ ಹೋದರು. ಮನೆ ಖಾಲಿಯಾಗಿತ್ತು. ಗೋಡೆಗಳಿಗೆ ಹೊಸದಾಗಿ ಬಣ್ಣ ಹೊಡೆಯುತ್ತಿದ್ದ ಇಬ್ಬರು ಏಣಿಯ ಮೇಲಿಂದ ಕೆಳಗೆ ನೋಡಿದರು. ಆ ಸಂಸಾರ ಬೇರೆ ಊರಿಗೆ ಹೋಗಿ, ಅಲ್ಲಿಂದ ದೇಶವನ್ನೇ ಬಿಟ್ಟಿತ್ತೆಂದು ಆಮೇಲೆ ತಿಳಿಯಿತು. ಹುಡುಗಿಯ ವಿಚಾರ ಕೇಳಿದರೆ, ದೇಶ ಬಿಡುವ ಮೊದಲೇ ಆ ಊರಿನಲ್ಲಿ ಓಡಿಹೋದಳೆಂದು ಮನೆಯವರಿಂದ ಉತ್ತರ ಬಂತು. ಅಲ್ಲಿನ ಪೊಲೀಸರು ಅದನ್ನೇ ಬರೆದು ಕಳಿಸಿದರು. ಏಜೆಂಟನ ಮೇಲೆ ಮೊಕದ್ದಮೆ ನಡೆದು ಅವನ ಪರವಾನಗಿ ರದ್ದಾಯಿತು. ಬಾವಮೈದುನನ ಹೆಸರಿನಲ್ಲಿ ಅವನು ಇನ್ನೊಂದು ಅಂಗಡಿ ತೆರೆದ.

ಅಕ್ಕನಿಗೆ ಇದನ್ನೆಲ್ಲ ಹೇಳಬೇಕಾಗಿಲ್ಲ, ಹುಡುಕುತ್ತಿದ್ದೇವೆ ಎಂದರೆ ಸಾಕು ಎಂದು ಗುಮಾಸ್ತರು ಬುದ್ಧಿ ಹೇಳಿದರು. “ಯಾಕೆ ಮೇಡಂ ಸುಮ್ಮನೆ ಅವಳ ಹೊಟ್ಟೆ ಉರಿಸೋದು? ನಿಮ್ಮ ಹೊಟ್ಟೆ ಉರೀತಿರೋದು ಸಾಲದಾ?” ಮೇಡಂ ಒಪ್ಪಲಿಲ್ಲ. ಅಕ್ಕನನ್ನು ಕರೆಸಿ, ಬಾಗಿಲು ಹಾಕಿಕೊಳ್ಳದೆ, ಎಲ್ಲರಿಗೂ ಕೇಳಿಸುವಂತೆ ನಡೆದದ್ದನ್ನು ನಡೆದ ಹಾಗೆ ಹೇಳಿದರು. ಆ ಪುಟ ಬರೆದವಳು ನಾನೇ ಎಂದೂ ಹೇಳಿದರು. ಅಕ್ಕ ಅಳಲಿಲ್ಲ, ಬೈಯಲಿಲ್ಲ. ಅವಳು ಕೇಳಿದ್ದು ಇಷ್ಟೇ:

“ಆ ನೀರು ಕುಡಿದ್ರಾ ನೀವು?”

“ಕುಡಿದೆ.”

“ಪೂರ್ತಿ?”

“ಪೂರ್ತಿ ಕುಡಿದೆ ಕಣಮ್ಮ.”

“ಅವಳು ತುಂಬಿಸಿಟ್ಟ ನೀರು ಅದು” ಎಂದು ಅಕ್ಕ ಎದ್ದು ಹೋದಳು.

ಮೇಡಂ ಆಮೇಲೆ ಯಾವ ಮನೆಯಲ್ಲೂ ನೀರು ಕೇಳಲಿಲ್ಲ. ಆ ಪುಟವನ್ನು ಹಿಂತೆಗೆದುಕೊಳ್ಳಿ ಎಂದು ನಿರ್ದೇಶಕರ ಮುಂದೆ ನಿಂತರು. ಪ್ರಶಸ್ತಿ ಪಡೆದ ಪುಸ್ತಕದಲ್ಲಿ ತಪ್ಪಿದೆ ಎಂದು ಸರ್ಕಾರವೇ ಹೇಳುವುದು ಹೇಗೆ ಎಂಬ ಪ್ರಶ್ನೆ ಬಂತು, ನಿರ್ದೇಶಕರ ವರ್ಗವಾಯಿತು, ಹೊಸಬರಿಗೆ ಮೊದಲಿನಿಂದ ಹೇಳಬೇಕಾಯಿತು. ಎರಡನೆಯ ಮುದ್ರಣದಲ್ಲಿ ಆ ಪುಟವಿಲ್ಲ. ಮೊದಲನೆಯದನ್ನು ಓದಿದವರ ತಲೆಯಿಂದ ಅದನ್ನು ತೆಗೆಯುವುದು ಹೇಗೆಂದು ಅವರಿಗೂ ತಿಳಿಯಲಿಲ್ಲ. ಪ್ರಶಸ್ತಿ ಫಲಕವನ್ನು ಅವರು ಒಡೆಯಲೂ ಇಲ್ಲ, ಹಿಂತಿರುಗಿಸಲೂ ಇಲ್ಲ. ಅಂಥ ಆಟ ಅವರಿಗೆ ಬಾರದು. ಅದು ಅವರ ಕೋಣೆಯ ಗೋಡೆಯ ಮೇಲೇ ಇತ್ತು. ಬಂದವರು ಹೊಗಳಿದರೆ ಅವರು ಬೇರೆ ಮಾತು ತೆಗೆಯುತ್ತಿದ್ದರು.

ಅನಂತರದ ವರ್ಷಗಳಲ್ಲಿ ಅವರು ಹೊಸ ದಾರಿಗಳನ್ನು ಕಂಡುಕೊಂಡರು. ಅವುಗಳಿಂದ ಹೊರಬಂದ ಹೆಣ್ಣುಮಕ್ಕಳು ಇಂದು ತಮ್ಮ ತಮ್ಮ ಊರುಗಳಲ್ಲಿದ್ದಾರೆ. ಕೆಲವರು ಇದೇ ನಗರದಲ್ಲಿ, ವಾರಕ್ಕೊಂದು ರಜೆಯಿರುವ ಮನೆಗಳಲ್ಲಿ, ತಲೆಯೆತ್ತಿ ದುಡಿಯುತ್ತಿದ್ದಾರೆ. ಆ ದಾರಿಗಳನ್ನು ಈ ಲೇಖನದಲ್ಲಿ ವಿವರಿಸಬೇಕೆಂದು ಸಂಪಾದಕರು ಆದರದಿಂದ ಕೇಳಿದ್ದರು. ಅವರು ಕ್ಷಮಿಸಬೇಕು. ಮೇಡಂ ಅವನ್ನು ಬರೆಯಲಿಲ್ಲ, ಬರೆಯಲು ಬಿಡಲೂ ಇಲ್ಲ. ಹೊಸ ನಿರ್ದೇಶಕರು ಇನ್ನೊಂದು ಕೈಪಿಡಿ ಕೇಳಿದಾಗ, “ಬರೆಯಲ್ಲ ಸರ್. ಕಲಿಯೋರಿದ್ರೆ ಒಬ್ಬೊಬ್ಬರನ್ನೇ ನನ್ನ ಜೊತೆ ಕಳಿಸಿ, ಕಾಲು ಸವೆಸಲಿ” ಎಂದರು. ಹಾಗೆ ಅವರ ಜೊತೆ ಕಾಲು ಸವೆಸಿದವರು ಇಂದು ಹಲವು ಜಿಲ್ಲೆಗಳಲ್ಲಿದ್ದಾರೆ. ಗುರುವಿನಿಂದ ಕಲಿತದ್ದೇನೆಂದು ಕೇಳಿದರೆ ನಗುತ್ತಾರೆ, ಹೇಳುವುದಿಲ್ಲ.

ಅಕ್ಕ ಊರಿಗೆ ಹಿಂತಿರುಗಲಿಲ್ಲ. ಇಲ್ಲೇ ಒಂದು ಕೋಣೆ ಹಿಡಿದು ಕೆಲಸ ಹುಡುಕಿಕೊಂಡಳು. ಯಾವ ಕೆಲಸ, ಯಾವ ಬೀದಿ ಎಂಬುದೂ ಇಲ್ಲಿ ಬೇಡ. ಆಗಾಗ ಕಚೇರಿಗೆ ಬಂದು ಬೆಂಚಿನ ಮೇಲೆ ಕೂರುವಳು. ಮೇಡಂ ಹೊರಗೆ ಬಂದು ಪಕ್ಕದಲ್ಲಿ ಕೂರುವರು. “ಏನಾದ್ರೂ ಗೊತ್ತಾಯ್ತಾ?” “ಇಲ್ಲಮ್ಮ.” ಕೆಲವು ದಿನ ಅಷ್ಟೇ ಮಾತು. ಕೆಲವು ದಿನ ಹುಡುಗಿ ಚಿಕ್ಕವಳಿದ್ದಾಗ ಮಾಡಿದ ಕಿತಾಪತಿಗಳನ್ನು ಅಕ್ಕ ಹೇಳುವಳು, ಮೇಡಂ ಕೇಳುವರು. ಅಕ್ಕ ಅವರನ್ನು ಕ್ಷಮಿಸಿದಳೇ ಎಂದು ನಮಗೆ ತಿಳಿಯದು. ಮೇಡಂ ಕೇಳಲಿಲ್ಲ, ಅವಳು ಹೇಳಲಿಲ್ಲ.

ಬೀಳ್ಕೊಡುಗೆಯ ಸಭೆಗೆ ಅವಳೂ ಬಂದಿದ್ದಳು. ಕೊನೆಯ ಸಾಲಿನಲ್ಲಿ ಕುಳಿತು ಎಲ್ಲರ ಭಾಷಣ ಕೇಳಿದಳು. ಮಾತಾಡಿದವರೆಲ್ಲ ಬಿಡುಗಡೆಯಾದವರ ಲೆಕ್ಕ ಹೇಳಿದರು. ಮೇಡಂ ತಮ್ಮ ಸರದಿಯಲ್ಲಿ ಬಹಳ ಚಿಕ್ಕದಾಗಿ ಮಾತಾಡಿ ಕುಳಿತರು. ಸಭೆ ಮುಗಿದು ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಾಗ ಅಕ್ಕ ಹತ್ತಿರ ಬಂದಳು.

“ನಾಳೆಯಿಂದ ನಿಮ್ಮ ಕುರ್ಚೀಲಿ ಯಾರು?”

“ಹೊಸಬರು ಬರ್ತಾರೆ. ಒಳ್ಳೆಯವರು. ನಿನ್ನ ತಂಗಿ ವಿಷಯ ಎಲ್ಲ ಹೇಳಿದೀನಿ. ಫೋಟೋನೂ ಕೊಟ್ಟಿದೀನಿ.”

“ಫೋಟೋ ಇಟ್ಕೊಂಡು ಏನ್ಮಾಡ್ತಾರೆ? ಈಗ ಅವಳ ಮುಖ ಹೇಗಿದೆಯೋ ನಂಗೇ ಗೊತ್ತಿಲ್ಲ.” ಅಕ್ಕ ಪೇರಿಸಿದ ಕುರ್ಚಿಗಳ ಮೇಲೆ ಇನ್ನೊಂದನ್ನು ಎತ್ತಿಟ್ಟಳು. “ಅವಳಿಗೆ ಗೊತ್ತಿರೋದು ನಿಮ್ಮ ದನಿ. ಬೇರೆ ಯಾರು ಹೋಗಿ ಕರೆದ್ರೂ ಅವಳು ಕಿವಿಗೊಡಲ್ಲ. ನೀವು ನಿವೃತ್ತಿ ಗಿವೃತ್ತಿ ಅಂತ ಮನೇಲಿ ಕೂತ್ಕೊಂಡ್ರೆ ಹೇಗೆ?”

ಮೇಡಂ ಅವಳನ್ನೇ ನೋಡಿದರು. “ನನಗೆ ಇನ್ಮೇಲೆ ಗಾಡಿ ಇಲ್ಲ, ಅಧಿಕಾರಾನೂ ಇಲ್ಲ ಕಣೆ.”

“ಬಸ್ಸಿದೆಯಲ್ಲ” ಎಂದಳು ಅಕ್ಕ.

ಮರುದಿನ ಬೆಳಿಗ್ಗೆ ಅವರ ತಾಯಿ ಮಗಳ ಕೋಣೆಗೆ ಹೋಗಿ ನೋಡಿದರೆ ಹಾಸಿಗೆ ಖಾಲಿ. “ಕೆಲಸ ಬಿಟ್ಟ ಮೊದಲನೇ ದಿನಾನಾದ್ರೂ ಮಲಗಬಾರದಾ?” ಎಂದು ಅವರು ಅಳಿಯನ ಮುಂದೆ ಗೊಣಗಿದರಂತೆ. ಮೇಷ್ಟ್ರು, ಅಕ್ಕನ ಜೊತೆ ಹೋಗಿದ್ದಾಳೆ, ಸಂಜೆಗೆ ಬರುತ್ತಾಳೆ ಎಂದರಂತೆ. ಎಲ್ಲಿಗೆ ಹೋದರೆಂಬುದು ನಮಗೆ ಗೊತ್ತು. ಅದನ್ನು ಬರೆಯುವುದಿಲ್ಲ.

ಹಿರಿಯರ ನಿವೃತ್ತಿಯಲ್ಲಿ ನೂರು ವರ್ಷ ಬಾಳಿರೆಂದು ಹಾರೈಸಿ, ಇನ್ನಾದರೂ ವಿಶ್ರಾಂತಿ ಸಿಗಲಿ ಎನ್ನುವುದು ವಾಡಿಕೆ. ನಮ್ಮ ಮೇಡಂ ಅವರಿಗೆ ವಿಶ್ರಾಂತಿಯನ್ನು ಹಾರೈಸುವ ಧೈರ್ಯ ನಮಗಿಲ್ಲ. ಆಯುಸ್ಸನ್ನು ಹಾರೈಸುತ್ತೇವೆ, ಗಟ್ಟಿ ಮೊಣಕಾಲನ್ನು ಹಾರೈಸುತ್ತೇವೆ, ಏಕೆಂದರೆ ಎಲ್ಲ ಕಟ್ಟಡಗಳಲ್ಲೂ ಲಿಫ್ಟು ಇರುವುದಿಲ್ಲ. ಅಧಿಕಾರವನ್ನೂ ಕಪಾಟಿನ ಕೀಲಿಯನ್ನೂ ಅವರು ಹೊಸಬರಿಗೆ ಒಪ್ಪಿಸಿ ಬಂದಿದ್ದಾರೆ. ದನಿಯನ್ನು ಒಪ್ಪಿಸಿ ಬರಲು ಆಗುವುದಿಲ್ಲ. ಯಾವ ಊರಿನ ಯಾವ ಬಾಗಿಲ ಹಿಂದೆಯೋ ಒಬ್ಬ ಹುಡುಗಿ ಆ ದನಿಗಾಗಿ ಕಿವಿಗೊಟ್ಟು ಕುಳಿತಿದ್ದಾಳೆ. ಅವಳು ಅದನ್ನು ಕೇಳಿ ಓಗೊಡುವವರೆಗೆ ಅದು ಉಡುಗದೆ, ನಡುಗದೆ, ಅಂದು ಅವಳು ಕೇಳಿಸಿಕೊಂಡ ಹಾಗೆಯೇ ಇರಲಿ.